ಪುಂಡಿ ಕಟ್ಟಿ ನೋಡಿದ ಮಣ್ಣು

ಅಲ್ಲ ಮಾರಾಯ, ನೀರಿಲ್ಲದೆ ಒಣಗಿದ್ದಲ್ಲ, ನೀರು ಹೆಚ್ಚಾಗಿ ಕೊಳೆಯಲಿಕ್ಕೆ ಹೊರಟದ್ದು ನಮ್ಮ ಸೌತೆಬಳ್ಳಿ, ಅದನ್ನೇ ನಾನು ಹೇಳ್ತಾ ಇರುವುದು. ಈ ಕೊಡಿಯಾಲ್‌ಬೈಲ್ ಅಂದ್ರೆ ಆಗ ನಿಜವಾಗಿ ಬೈಲೇ, ಗೊತ್ತುಂಟಾ, ನೀವು ಟ್ಯೂಶನ್ನಿಗೆ ಹೋಗ್ತೀರಲ್ಲ, ಆ ಬಿಲ್ಡಿಂಗ್ ಇರುವಲ್ಲಿ ಪೂರಾ ಗದ್ದೆ. ಐವತ್ತೆಂಟನೇ ಇಸವಿಯೋ ಏನೋ, ಅಲ್ಲ ಅಲ್ಲ, ನಿಮ್ಮ ಅಪ್ಪ ಹುಟ್ಟಿ ಆಗಿತ್ತು, ಹಾಗಾದ್ರೆ ಅರವತ್ತು ದಾಟಿತ್ತು. ನಿಮ್ಮ ಅಜ್ಜ ಬೊಂಬಾಯಿಯಲ್ಲಿ ಹೋಟ್ಲು ಕೆಲಸಕ್ಕೆ, ಇಲ್ಲಿ ಮಗು ಕಟ್ಟಿಕೊಂಡು ನಾನು, ಮತ್ತೆ ನನ್ನ ಮಾವ, ನಿಮ್ಮ ಅಜ್ಜನ ಅಪ್ಪ. ಗದ್ದೆ ನಮ್ಮದಲ್ಲ, ಧಣಿಗಳದ್ದು, ಚಾಲಗೇಣಿ. ಅಂದ್ರೆ ವರ್ಷ ವರ್ಷವೂ ಅವರು ಆಯ್ತು ಅಂದ್ರೆ ಮಾತ್ರ ನಮಗೆ. ಆ ವರ್ಷ ಧಣಿಗಳು ಬಾವಿ ಹತ್ತಿರ ಒಂದು ಪಂಪು ತಂದಿಟ್ಟು ಹೇಳಿದ್ರು, "ಇನ್ನು ನೀರು ಸಾಲ್ಲಿಲ್ಲ ಅಂತ ಹೇಳುವ ಹಾಗಿಲ್ಲ. ಈ ಸಲ ಸೌತೆ ಹಾಳಾದ್ರೆ ಗದ್ದೆ ಬೇರೆಯವರಿಗೆ."

ಪಂಪು ಬರುವ ಮೊದಲು ಹೇಗೆ ಕೇಳಿ. ಎರಡು ಕೈಗೆ ಎರಡು ಕೊಡಪಾನ, ಬಾವಿಯಿಂದ ಸಾಲಿಗೆ, ಸಾಲಿಂದ ಬಾವಿಗೆ. ಸೊಂಟ ಬಿದ್ದುಹೋಗ್ತಿತ್ತು ಮಕ್ಕಳೇ. ಹಾಗಾಗಿ ಬುಡದಲ್ಲಿ ಪಸೆ ಉಂಟು ಅಂತ ಕಂಡ್ರೆ ಆ ಗಿಡ ಬಿಟ್ಟು ಮುಂದೆ ಹೋಗುವುದು. ಪಂಪಿಗೆ ಎಲ್ಲಿಯ ಸೊಂಟ? ಮಾವ ಬೆಳಿಗ್ಗೆ ಹಗ್ಗ ಎಳೆದು ಡುಗುಡುಗು ಶುರು ಮಾಡಿ ಅದರ ಪಕ್ಕ ಕೈಕಟ್ಟಿ ನಿಲ್ಲುವುದು, ಮದುಮಗನ ಹಾಗೆ. ಸಾಲು ತುಂಬಿ ಕೆಳಗಿನ ತೋಡಿಗೆ, ಆ ಸಣ್ಣ ಹಳ್ಳಕ್ಕೆ, ಹರಿಯುವವರೆಗೆ ನಿಲ್ಲಿಸಲಿಕ್ಕಿಲ್ಲ. ಹತ್ತು ದಿನದಲ್ಲಿ ಎಲೆ ಹಳದಿ. ಮಾವ ಎಂತ ಹೇಳಿದ್ರು ಗೊತ್ತುಂಟಾ? "ಬಾಯಾರಿದೆ ಅದಕ್ಕೆ. ಸಂಜೆಗೂ ಬಿಡುವ."

"ಮಾವ, ಬುಡ ಚಂಡಿ ಉಂಟು, ಒಳಗೆ ಒದ್ದೆ."

"ಮೇಲೆ ಒಣಗಿ ಬೆಳ್ಳಗಾದದ್ದು ಕಾಣುದಿಲ್ವಾ ನಿನಗೆ?"

ಗದ್ದೆ ಹೋದ್ರೆ ನಾವೆಲ್ಲಿಗೆ? ನನಗೆ ಹೆದರಿಕೆ, ಅದಕ್ಕಿಂತ ಹೆಚ್ಚು ಸಿಟ್ಟು. ಮರುದಿನ ಬೆಳಿಗ್ಗೆ ಹಬೆಯಲ್ಲಿ ಬೇಯಿಸ್ಲಿಕ್ಕೆ ಪುಂಡಿ ಕಟ್ತಾ ಇದ್ದೆ, ಕೈಯಲ್ಲಿ ಅಕ್ಕಿಹಿಟ್ಟು. ಉಂಡೆ ನಿಲ್ತದಾ ಒಡೀತದಾ ಅಂತ ಕೈಗೇ ಗೊತ್ತಾಗ್ತದಲ್ಲ? ಹಿಟ್ಟು ಅಲ್ಲಿಯೇ ಬಿಟ್ಟು ಗದ್ದೆಗೆ ಓಡಿದೆ ನೋಡಿ, ಕೈ ಸಹ ತೊಳೀಲಿಲ್ಲ. ಗೇಣಾಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿದೆ. ತೋಡಿನ ಹತ್ತಿರದ ಸಾಲಿನದ್ದು ಗಟ್ಟಿ ಪುಂಡಿ, ಕೈಗೆ ನೀರೇ ಬಂತು. ನಡುವಿನದ್ದೂ ಉಂಡೆ ನಿಂತಿತು. ಮೇಲೆ, ನೀರು ನಿಲ್ಲದ ಎತ್ತರದಲ್ಲಿ, ಒಂದು ಮುರಕಲ್ಲಿನ ಗೋಡೆ ಇತ್ತು, ಅಲ್ಲಿಯದ್ದು ಮಾತ್ರ ಪುಡಿ ಪುಡಿ. ಒಂದೇ ಗದ್ದೆ ಮಾರಾಯ! ಅಷ್ಟರಲ್ಲಿ ಡುಗುಡುಗು ಶುರು. ನಾನು ಸೀರೆ ಎತ್ತಿ ಕಟ್ಟಿ, ತೆಂಗಿನ ಸಿಪ್ಪೆ, ಕೆಸರು, ಕೈಗೆ ಸಿಕ್ಕಿದ್ದೆಲ್ಲ ತುರುಕಿ ಕೆಳಗಿನ ಸಾಲುಗಳ ಬಾಯಿ ಒಂದೊಂದೇ ಮುಚ್ಚಿದೆ. ಗೋಡೆಬದಿಯ ಸಾಲು ಮಾತ್ರ ಬಿಟ್ಟೆ. ಮಾವ ಓಡಿಕೊಂಡು ಬಂದ್ರು.

"ಗುಲಾಬಿ, ಎಂತ ಮಾಡ್ತಾ ಇದ್ದಿ? ಗದ್ದೆ ಬಿಡಿಸ್ತೀಯಾ ನಮ್ಮಿಂದ?"

ತೋಡಿನ ಬದಿಯ ಮಣ್ಣು ಅವರ ಕೈಯಲ್ಲಿಟ್ಟೆ. "ಒತ್ತಿ ಮಾವ." ಒತ್ತಿದ್ರು. ಬೆರಳ ಸಂದಿಂದ ನೀರು ಇಳೀತು. ತಿರುಗಿ ಪಂಪಿನ ಹತ್ತಿರ ಹೋದ್ರು. ಗೋಡೆಬದಿ ನೆನೆಯುವವರೆಗೆ ಕಾದ್ರು, ಮತ್ತೆ ನಿಲ್ಲಿಸಿದ್ರು.

ಕೆಳಗಿನ ಸಾಲಿಗೆ ಎಂಟು ದಿನ ಹನಿ ನೀರಿಲ್ಲ. ಎರಡು ಸಾಲು ಕೊಳೆತೇ ಹೋಯ್ತು, ಸುಳ್ಳು ಹೇಳುದಿಲ್ಲ. ಉಳಿದದ್ದರಲ್ಲಿ ಹಸಿರು ಕುಡಿ ಬಂತು ನೋಡಿ, ನಾನು ಮಗು ಎತ್ತಿಕೊಂಡು ಹೋಗಿ ಅದಕ್ಕೂ ತೋರಿಸಿದೆ. ಕಾಯಿ ನೋಡ್ಲಿಕ್ಕೆ ಬಂದ ಧಣಿಗಳು, "ಒಳ್ಳೆದಾಗಿದೆ, ಬರುವ ವರ್ಷಕ್ಕೂ ನೀವೇ ಮಾಡಿ. ನೀರು ಬಿಡುವುದು ಯಾರು?" ಅಂತ ಕೇಳಿದ್ರು. ಮಾವ ಗಂಟಲು ಸರಿಮಾಡಿ, "ನಾನೇ," ಅಂದ್ರು! ಇರ್ಲಿ, ಗದ್ದೆ ಉಳೀತಲ್ಲ. ಆದ್ರೂ ಒಳಗೆ ಉರೀತು ನನಗೆ. ಮರುದಿನ ಬೆಳಿಗ್ಗೆ ಅಡಿಗೆಕೋಣೆ ಬಾಗಿಲಲ್ಲಿ ಮಾವ, ಕೈಯಲ್ಲಿ ಮಣ್ಣಿನ ಉಂಡೆ. "ಗುಲಾಬಿ, ಸ್ವಲ್ಪ ನೋಡು ಮಗಾ. ಇವತ್ತು ಬಿಡ್ಲಾ, ಬೇಡ್ವಾ?"

ಹಾಗೆ ಮಕ್ಕಳೇ, ಬೇಕಾ ಅಂತ ಮುಟ್ಟಿ ನೋಡಿ ಕೊಡಿ, ನೀರಾಗ್ಲಿ, ಬುದ್ಧಿಮಾತಾಗ್ಲಿ. ಏಳಿ ಈಗ, ಊಟಕ್ಕಾಯ್ತು.