ಬಾಲದ ಬಿಜಾಗರಿ

ಅಲ್ಲರೀ ಮಾಸ್ತರ, ನಮ್ಮ ಸಣ್ಣ ವಿಮಾನದ ರಿಮೋಟ್ ಯಾಕ ನನ್ನ ಟೇಬಲ್ ಮ್ಯಾಲ ಇಟ್ರಿ? ಯಾರಿಗರ ಕೊಟ್ಟಬಿಡು ಅಂದ್ರ? ಹನ್ನೆರಡು ವರ್ಷ ಕೂಡಿ ಹಾರಿಸೇವಿ, ಇನ್ನ ಹಾರಿಸೂದ ಇಲ್ಲಾ? ಒಟ್ಟ ಇಲ್ಲಾ?... ಕೂಡ್ರಿ ಮೊದಲ. ಆ ಸ್ಟೂಲ್ ಎಳಕೊಳ್ರಿ. ಬಾಗಲದಾಗ ನಿಂತು ಆಡೂ ಮಾತಲ್ಲ ಇದು.

ಚೀಲದಾಗ ಏನದು? ಹಾಂ... ಬಾಲದ ತುಂಡು. ಅದನ್ನ ಯಾಕ ಹೊತಕೊಂಡು ಬಂದ್ರಿ? ಮುನವಳ್ಳಿ ಹಿನ್ನೀರಿನ ಬಯಲಾಗ ಬಿದ್ದದ್ದು ಅಲ್ಲೇ ಬಿದ್ದಿರಲಿ ಬಿಡಬೇಕಿತ್ತು. ಮುರದ ವಿಮಾನ ಮನ್ಯಾಗ ಇಟಕೊಂಡ್ರ ಮನಸಿಗೆ ನೆಮ್ಮದಿ ಎಲ್ಲಿಂದ ಬರಬೇಕು?

ಹೌದು, ಹೌದು, ಕರೆವ್ವನ ಕೈ ಮುರದದ್ದು ನನಗ ಗೊತ್ತಿಲ್ಲೇನು! ನಾನೂ ಅಲ್ಲೇ ಇದ್ನೆಲ್ಲರಿ. ಪಾಪ, ಹುಲ್ಲು ಕೊಯ್ಯಾಕ ಬಂದಿದ್ಲು ಆಕಿ. ವಿಮಾನ ಮೂತಿ ಕೆಳಗ ಮಾಡಿ ಬಂತು, ನೀವು ರಿಮೋಟಿನ ಕಡ್ಡಿ ಎಳದ್ರಿ, ಅದು ಏಳಲಿಲ್ಲ... ಮಾರಿಗೆ ಬಡದೀತಂತ ಆಕಿ ಕೈ ಅಡ್ಡ ತಂದ್ಲು. ಇಲ್ಲಂದ್ರ... ಬ್ಯಾಡ, ಆ ಮಾತು ಬ್ಯಾಡ. ಎಲುಬು ಕೂಡತೈತಿ ಅಂದಾರಲ್ಲ ಡಾಕ್ಟರ್. ಪಟ್ಟಿ ಬಿಚ್ಚಿದ ಮ್ಯಾಲ ಎಲ್ಲಾ ಮೊದಲಿನಂಗ.

ನಾನೇನಂದ್ನಿ? ಯಾವಾಗ?... ಹಾಂ. ಅಂದ್ನಿ. ನೀವು ಅಲ್ಲೇ ಕೆಸರಾಗ ಕುಂತು ಎಲ್ಲಾರ ಮುಂದ 'ನನ್ನ ಕೈ ನಡಗ್ತು, ತಪ್ಪು ನಂದು' ಅಂದ್ರಿ. ನಾನು 'ವಯಸ್ಸಾತಲ್ಲರಿ ಮಾಸ್ತರ' ಅಂದ್ನಿ. ಸಮಾಧಾನಕ್ಕಂತ ಅಂದದ್ದರಿ ಅದು! ಅದನ್ನ ಮನಸಿಗೆ ಹಚಕೊಂಡು ಕುಂದರತಾರೇನು?

ಯಾಕ ಉಸುರು ಬಿಟ್ರಿ? ನಗಾಕತ್ತೀರೇನು?... ಅಳಾಕತ್ತೀರೇನ್ರಿ?

ನಿಮ್ಮ ಮನಿಯವರು, ಪದ್ಮವ್ವಕ್ಕ, ನಿನ್ನೆ ಅಂಗಡಿಗೆ ಬಂದಿದ್ರು. ನಿಮಗ ಹೇಳಬ್ಯಾಡ ಅಂದಾರ, ಆದ್ರೂ ಹೇಳತೇನಿ. 'ಮುಂಜಾನಿಂದ ಕಿಡಕಿ ಮುಂದ ಎರಡೂ ಕೈ ಚಾಚಿ ನೋಡಕೋತ ಕುಂದರತಾರ ಇಮಾಮಣ್ಣ. ನಾಕ ಮಂದಿ ಮುಂದ ಚಾದ ಕಪ್ಪು ಎತ್ತಾಕ ಅಂಜತಾರ. ಬಣ್ಣದ ಡಬ್ಬಿ ಎಲ್ಲಾ ಮ್ಯಾಲ ಕಟ್ಟಿ ಇಟ್ಟಾರ' ಅಂದ್ರು. ಸಾಲಿ ಗ್ವಾಡಿ ತುಂಬ ಚಿತ್ರಾ ಬರದ ಡ್ರಾಯಿಂಗ್ ಮಾಸ್ತರ ನೀವು! ಭೀಮಶಿ ಮಾಸ್ತರ ಎಳದ ಗೆರಿ ಅಂದ್ರ ಅಳತಿಪಟ್ಟಿ ಬೇಕಿಲ್ಲ ಅಂತಿದ್ರು ಮಂದಿ. ಒಂದ ಸಲ ತಪ್ಪಿತಂತ...

ಬಿಜಾಗರಿ? ಅದರ ಮಾತ ಯಾಕ ಬಂತೀಗ?

ಹೌದು, ನಾನ ಬದಲ ಮಾಡಿದ್ನಿ. ಹಳೇವು ಸಡಲ ಆಗ್ಯಾವ ಅಂತ ನೀವ ತಂದು ಕೊಟ್ರಿ. ಬಾಲದ ರೆಕ್ಕಿಗೆ ಹಿಂದಿನ ಪಟ್ಟಿ ಕೂಡಿಸೂ ಕೀಲು ಅವು, ಆ ಪಟ್ಟಿ ಮ್ಯಾಲ ಕೆಳಗ ಆಡಿದ್ರನ ವಿಮಾನ ಏಳೂದು, ಇಳಿಯೂದು. ಅಷ್ಟು ತಿಳೀದ ಕೈ ಹಚ್ಚಿದ್ನೇನು? ಹಳೇ ಬಿಜಾಗರಿ ಮೂರೂ ಕಿತ್ತು, ಕಟಗಿ ಸೀಳು ಸ್ವಚ್ಛ ಮಾಡಿ, ಹೊಸಾವು ತಗೊಂಡು ಕೀಲಿನ ಮ್ಯಾಲಷ್ಟ ಒಂದು ಹನಿ ವಾಚಿನ ಎಣ್ಣಿ ಬಿಟ್ನಿ, ಅಂಟು ಒಳಗ ಹೋಗಿ ಕೀಲು ಹಿಡಕೋಬಾರದಂತ. ಆಮ್ಯಾಲ ಎರಡೂ ಕಡಿ ಅಂಟು ಸವರಿ, ಸೀಳಿನ್ಯಾಗ ತೂರಿಸಿ, ಒಂದು ಇಡೀ ದಿನ ಒಣಗಾಕ ಬಿಟ್ನಿ. ಎಳದೂ ನೋಡಿದ್ನಿ! ಮೂರೂ ಎಳದು ನೋಡಿದ್ನಿ! ನಲವತ್ತು ವರ್ಷ ವಾಚು ಬಿಚ್ಚಿ ಕೂಡಿಸಿದ ಕೈ ಇದು. ಬೈಲಹೊಂಗಲದಾಗ ಯಾರನ್ನರ ಕೇಳ್ರಿ, ಇಮಾಮಹುಸೇನನ ಕೆಲಸ ಹ್ಯಾಂಗಂತ!

ಜೋರು ಮಾಡಾಕತ್ತಿಲ್ಲರಿ. ನನ್ನ ಧ್ವನೀನ ಹಂಗ.

ಏನಿಟ್ರಿ ನನ್ನ ಕೈಯಾಗ? ಹಾಂ, ಇದ ಬಿಜಾಗರಿ. ನಡುವಿಂದೇನು? ನೋಡ್ರಿ ಮತ್ತ! ಅಂಟು ಹ್ಯಾಂಗ ಕಚ್ಚೇತಿ ನೋಡ್ರಿ, ಕಟಗಿ ಚೂರು ಕಿತಕೊಂಡ ಬಂದೈತಿ. ಛಲೋ ಹಿಡದ ಬಿಜಾಗರಿ ಹಿಂಗ ಇರೂದು, ಕಟಗಿ ಹರದ್ರೂ ಅಂಟು ಬಿಡಂಗಿಲ್ಲ. ನನ್ನ ಕಡಿಂದ ಏನೂ ಕಮ್ಮಿ ಆಗಿಲ್ಲ ಅನ್ನಾಕ ಇದಕ್ಕಿಂತ...

ಯಾಕ ಸುಮ್ಮಾದ್ರಿ?

ಮಾಸ್ತರ? ತಡೀರಿ, ಬೆರಳಾಡಿಸಿ ನೋಡತೇನಿ.

...

ನುಣ್ಣಗ ಐತಿ.

ಎರಡೂ ಕಡಿ ನುಣ್ಣಗ ಐತಿ. ಒಂದು ಚೂರು ಕಟಗಿ ಇಲ್ಲ. ಎಣ್ಣಿ... ಬೆರಳಿಗೆ ಎಣ್ಣಿ ಹತ್ತೇತಿ.

ನಿಮಗ ತಿಳೀತು. ತಿಳದ ಕೊಟ್ರಿ ಇದನ್ನ ನನ್ನ ಕೈಯಾಗ.

ರಂಜಾನ್ ಮುಂದ ಶುರು ಆತರಿ. ಧಾರವಾಡದಾಗ ಕಣ್ಣು ತೋರಿಸಿದ್ನಿ. ಹೋದದ್ದು ತಿರುಗಿ ಬರಂಗಿಲ್ಲ ಅಂದ್ರು. ಯಾವುದನ್ನ ನೋಡತೇನಿ ಅದ ಕಾಣಂಗಿಲ್ಲ ಮಾಸ್ತರ, ಅದರ ಸುತ್ತ ಇದ್ದದ್ದೆಲ್ಲಾ ಕಾಣತೈತಿ. ನನ್ನ ಮನಿಯಾಕಿ ಬಾನುಬಿಗೂ ಹೇಳಿಲ್ಲ. ವಾಚಿನಾಂವ ಕಣ್ಣಿಲ್ಲ ಅಂದ್ರ ಅಂಗಡಿ ಮೆಟ್ಟಲಾ ಯಾರು ಹತ್ತತಾರ? ಎಣ್ಣಿ ಕೀಲಿನ ಮ್ಯಾಲ ಬಿತ್ತಂತ ನಾ ತಿಳಕೊಂಡ್ನಿ. ಅಂಟು ಹಚ್ಚೂ ಕಡೆನ ಬಿದ್ದೈತಿ, ಎಣ್ಣಿ ಮ್ಯಾಲ ಅಂಟು ಎಲ್ಲಿ ಹಿಡೀತೈತಿ...

ಎಳದು ನೋಡಿದ್ದು ಖರೆ. ಭಾನುವಾರ ಮುಂಜಾನೆ. ನಡುವಿಂದು ಮಿಸುಕ್ತು. ಮಿಸುಕ್ತು, ಬೆರಳಿಗೆ ಗೊತ್ತಾತು! ಹೊರಗ ನೀವು ಹಾರ್ನ್ ಹೊಡ್ಯಾಕತ್ತಿದ್ರಿ. ಹೇಳಿದ್ರ, ಬಿಚ್ಚು ನೋಡೂಣು ಅಂತಿದ್ರಿ, ನನ್ನ ಬಾಜೂಕ ಕುಂತು ನೋಡತಿದ್ರಿ, ನನ್ನ ಕಣ್ಣಿಂದು ತಿಳೀತಿತ್ತು... ಸುಮ್ನ ಚೀಲದಾಗ ಹಾಕಿದ್ನಿ. ಅದೊಂದು ಬಿಟ್ತು, ಉಳದ ಎರಡು ತಡೀಲಿಲ್ಲ.

ನಿಮ್ಮ ಕೈ ನಡಗಲಿಲ್ಲರಿ. ಕೇಳ್ರಿಲ್ಲೆ, ನಡಗಲೇ ಇಲ್ಲ. ನೀವು ಸರಿಯಾಗೇ ಎಳದ್ರಿ, ಎಳಿಯಾಕ ಅಲ್ಲಿ ಏನೂ ಉಳದಿರಲಿಲ್ಲ. ಗೊತ್ತಿದ್ದೂ, ವಯಸ್ಸಾತು ಅಂದ್ನಿ ನಿಮಗ.

ನಡೀರಿ, ಕರೆವ್ವನ ಮನಿಗೆ ಹೋಗೂಣು. ನಾನ ಹೇಳತೇನಿ. ಪದ್ಮವ್ವಕ್ಕಗೂ ನಾನ ಹೇಳತೇನಿ.

ಬೈರಿ ಮಾಸ್ತರ. ಏನರ ಅನ್ರಿ... ನಿಮ್ಮ ಹೆಗಲು ಕಾಣತೈತಿ, ಹಿಂದಿನ ಗ್ವಾಡಿ ಕಾಣತೈತಿ, ಗ್ವಾಡಿಗೆ ತೂಗಹಾಕಿದ ಗಡಿಯಾರ ಎಲ್ಲಾ ಕಾಣತಾವು. ನಿಮ್ಮ ಮಾರಿ ಒಂದ ಕಾಣವಲ್ದು.