ಮೂಗಿಗೆ ಬಂದ ಕರೆ

...ನಗು, ನಗು. ಅಪ್ಪ ಬುರುಡೆ ಬಿಡ್ತಾನೆ ಅಂತ ತಾನೇ? ಆದ್ರೂ ನಾಳೆ ಬೆಳಿಗ್ಗೆ ನನ್ನ ಫ್ಯಾಕ್ಟ್ರಿ ಗೇಟಿಗೆ ಬಿಡೋಳು ನೀನೇ! ರಿಟೈರಾದ ಮುದುಕನ್ನ ಮ್ಯಾನೇಜರ್ರೇ ಫೋನ್ ಮಾಡಿ ಕರೀತಾನೆ ಅಂದ್ರೆ... "ಹೊಸ ಪುಡಿ ತುಂಬಿದೀವಿ. ಶುರು ಮಾಡೋವಾಗ ಎಲ್ಲಾದ್ರೂ ಸೋರಿದ್ರೆ ಮಷೀನಿಗಿಂತ ಮೊದ್ಲು ನಿಮ್ಮ ಮೂಗಿಗೆ ಗೊತ್ತಾಗುತ್ತೆ, ಬನ್ನಿ" ಅಂತ ಅತ್ತೇಬಿಟ್ಟ! ...ಸರಿ, ಅಳ್ಲಿಲ್ಲ. ಎರಡು ಸಲ ಪ್ಲೀಸ್ ಅಂದ.

ಯಾವ ಪುಡಿ? ಆ ಪುಡಿ ಸಂಬಳದಲ್ಲೇ ಓದಿ ಟೀಚರಾದೆ, ಇನ್ನೂ ಗೊತ್ತಿಲ್ವಾ! ಜಿಯೋಲೈಟ್ ಕಣೇ. ನೋಡೋಕೆ ಮೈದಾಹಿಟ್ಟು, ಒಳಗೆ ಬರೀ ಓಣಿ. ಓಣಿ ಗೋಡೇಲಿ ಆಸಿಡ್ ಕಾಯ್ತಾ ಕೂತಿರುತ್ತೆ. ಸಿಲಿಂಡರ್ ಗ್ಯಾಸಲ್ಲಿರೋ ಬ್ಯೂಟೇನ್ ಇದ್ಯಲ್ಲ, ನಾಲ್ಕು ಕಾರ್ಬನ್ನು ಕೈಕೈ ಹಿಡ್ಕೊಂಡಿರೋ ಸರಪಳಿ, ಅದು ಕೆಂಡದಂಥ ಬಿಸೀಲಿ ಒಳಗೆ ನುಗ್ಗುತ್ತೆ. ಆಸಿಡ್ ಅದಕ್ಕೊಂದು ಪ್ರೋಟಾನ್ ತುರುಕುತ್ತೆ. ಅಷ್ಟೇ! ತಡ್ಕೊಳ್ಳೋಕಾಗ್ದೆ ಪಟ್ ಅಂತ ಮುರಿಯುತ್ತೆ. ಈ ಕಡೆ ಮೀಥೇನು, ಆ ಕಡೆ ಪ್ರೊಪಿಲೀನು... ನಿನ್ನ ಪ್ಲಾಸ್ಟಿಕ್ ಬಕೆಟ್ಟು, ಮಗ್ಗು ಎಲ್ಲಾ ಅದ್ರದ್ದೇ! ಆಸಿಡ್ಡು ತನ್ನ ಪ್ರೋಟಾನ್ ವಾಪಸ್ ಇಸ್ಕೊಂಡು ಮತ್ತೆ ಕಾಯ್ತಾ ಕೂರುತ್ತೆ. ಮುರಿಯೋ ಸದ್ದು ನಂಗೆ ಕೇಳಿಸ್ತಿತ್ತು... ಹಂಗೆ ನೋಡ್ಬೇಡ.

ಅದಕ್ಕೆ ಸುಸ್ತಾಗಲ್ವಾ ಅಂತೀಯಾ? ಆಗುತ್ತಮ್ಮಾ... ಆಗುತ್ತೆ. ಮಸಿ ಕಟ್ಟಿ ಓಣಿ ಮುಚ್ಚುತ್ತೆ. ಬಿಸಿಗಾಳಿ ಊದಿ ಮಸಿ ಸುಡ್ತೀವಿ, ಮತ್ತೆ ಬೆಳ್ಳಗಾಗುತ್ತೆ. ಆದ್ರೆ ಸುಟ್ಟಾಗೆಲ್ಲ ಹಬೆ ಏಳುತ್ತಲ್ಲ, ಅದು ಒಂಚೂರು ಒಂಚೂರೇ ಆಸಿಡ್ಡನ್ನ ಸಾಯಿಸುತ್ತೆ. ಕೊನೆಗೆ ಹೊರಗಿಂದ ಅದೇ ಬಿಳುಪು. ಗ್ಯಾಸ್ ಮಾತ್ರ ಮುರೀದೆ ಹೋದಂಗೇ ಹೊರಗೆ ಬರುತ್ತೆ. ಎಷ್ಟೋ ದಿನ ಯಾರಿಗೂ ಗೊತ್ತೇ ಆಗಲ್ಲ...

ಎದ್ಯಾ? ಹಂಗೇ ಒಳಗೆ ಒಲೆ ಮೇಲೆ ಹಾಲಿದೆ, ನೋಡು. ಆಮೇಲೆ ಇಲ್ಲೇ ಮೆಟ್ಟಿಲ ಮೇಲೆ ಕಾಫಿ ಕುಡಿಯೋಣ.

ಅದ್ಯಾಕೆ ಕಿಟಕಿ ದಡಾರ್ ಅಂತ ತೆಗೀತಿದೀಯ? ಮೂಗಿಗೆ ಕರ್ಚೀಫ್ ಯಾಕೆ? ಹಾಲು ಉಕ್ಕಿ... ಒಲೆ ಆರಿದ್ಯಾ? ಗ್ಯಾಸ್... ಲೈಟ್ ಹಾಕ್ಬೇಡ! ಯಾವ ಸ್ವಿಚ್ಚೂ ಮುಟ್ಬೇಡ, ಸಿಲಿಂಡರ್ ಬಂದ್ ಮಾಡಿ ಹೊರಗೆ ಬಾ!

ಅಲ್ಲ, ಈಗ ತಾನೇ ನಾನು ಅಲ್ಲೇ ನಿಂತು ಲೋಟ ತೊಳ್ಕೊಂಡು ಬಂದೆ...

ಬೈದುಬಿಡು, ಮಗಳೇ. ವಾಸನೆ ಗೊತ್ತೇ ಆಗಲ್ವಾ ಅಂತೀಯಾ?

...ಹೂಂ. ಚಳಿಗಾಲದಿಂದ. ಸೋಪಿಲ್ಲ, ಕಾಫಿಯಿಲ್ಲ, ಏನೂ ಇಲ್ಲ.

ನಡಿ, ಬೀದಿಗೆ ಹೋಗಿ ಮ್ಯಾನೇಜರ್ರಿಗೆ ಫೋನ್ ಮಾಡೋಣ. ಬರಲ್ಲ ಅಂತ ನಾನೇ ಹೇಳ್ತೀನಿ. ನೀನು ಮೂಗಿನ ಸುದ್ದಿ ಎತ್ಬೇಡ. ಇದಕ್ಕಿಂತ ದೊಡ್ಡ ಕಂಪನಿಯೋರು ಕರೆದಿದಾರೆ ಅಂತೀನಿ. ವಿಮಾನದ ಟಿಕೆಟ್ಟೇ ಕಳಿಸಿದಾರೆ ಅಂತೀನಿ... ನೀನು ಪಕ್ಕದಲ್ಲಿ ನಿಂತು ಹೂಂ ಅನ್ನು, ಸಾಕು.