ಚಿತ್ರದ ಕಾಡಿನಲ್ಲಿ ದಾರಿ

ಜಾಕ್ಮೆಲ್ ಪಟ್ಟಣದ ಬಸ್ ಕಚೇರಿಯ ಬೆಂಚಿನಲ್ಲಿ ರೋಸ್ಮೆನ್ ಮಡಿಲಲ್ಲಿ ಕೋಳಿಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬಂದೂಕಿನವರು ರಾಜಧಾನಿಯ ರಸ್ತೆ ಅಡ್ಡಗಟ್ಟಿ ನಾಲ್ಕು ದಿನವಾಗಿತ್ತು. ಪಕ್ಕದಲ್ಲಿದ್ದ ಮುದುಕ ದ್ಯೂಫೋರ್ ಮತ್ತು ಅವನ ಹೆಂಡತಿ ಇಲ್ಮೆನ್ ಎದುರುಗೋಡೆಯ ಕಾಡಿನ ಚಿತ್ರ ನೋಡುತ್ತಿದ್ದರು. ಮುದುಕನ ಉಗುರುಸಂದಿಯಲ್ಲೆಲ್ಲ ಇದ್ದಿಲಿನ ಕಪ್ಪು.

“ಆ ದಪ್ಪ ಮರ ನೋಡು,” ಅಂದ ದ್ಯೂಫೋರ್. “ಹದಿನೈದು ಮೂಟೆ ಇದ್ದಿಲಿಗೆ ಮೋಸ ಇಲ್ಲ.”

“ಚಿತ್ರ ಕಣಯ್ಯ ಅದು,” ಅಂದಳು ಇಲ್ಮೆನ್. “ಅದನ್ನೂ ಸುಡ್ತೀಯಾ?”

“ಪಕ್ಕದ್ದು ಮಾಪೂ. ಅದನ್ನ ಮುಟ್ಟಲ್ಲ. ದೇವರಿರೋ ಮರ.”

“ದೇವರ ಭಯಕ್ಕಲ್ಲ, ಅದು ನೆಟ್ಟಗೆ ಉರಿಯಲ್ಲ ಅಂತ ಬಿಟ್ಟಿದೀಯ.”

ಅವನು ಕೆಮ್ಮಿದ. “ಬರೆದೋನು ದಡ್ಡ ಬಿಡು. ಇಷ್ಟು ಕಾಡು ಬರೆದು ಒಂದು ಕಾಲುದಾರೀನೂ ಇಟ್ಟಿಲ್ಲ.”

“ಇದೆ. ಮರಗಳ ಹಿಂದೆ ಇದೆ, ಕಾಣಿಸ್ತಿಲ್ಲ ಅಷ್ಟೆ. ನಮ್ಮ ಬೆಟ್ಟದ್ದೂ ಹಂಗೇ ಇತ್ತು. ನಮ್ಮವ್ವ ಕಾಫಿ ಹೊತ್ಕೊಂಡು ಅದರಲ್ಲೇ ರಾಜಧಾನಿಗೆ ನಡೀತಿದ್ಲು.”

“ಆ ದಾರಿ ಈಗ್ಲೂ ಇದೆಯಲ್ಲ.”

“ಇದೆ, ಬೋಳು ಬೆಟ್ಟದ ಮೇಲೆ. ಇಲಿ ಓಡಿದ್ರೂ ಬಂದೂಕಿನೋರಿಗೆ ಕಾಣುತ್ತೆ. ಮಗಳು ರಾಜಧಾನೀಲಿ ಹೆರಿಗೆಗೆ ಮಲಗಿದಾಳೆ, ನಾನಿಲ್ಲಿ ಗೋಡೆ ನೋಡ್ತಾ ಕೂತಿದೀನಿ. ನೀನು ಒಂದು ಸಾಲು ಮರ ಕಡೀದೆ ಬಿಟ್ಟಿದ್ರೆ ಮರೆಯಲ್ಲೇ ನಡ್ಕೊಂಡು ಹೋಗಿಬಿಡ್ತಿದ್ದೆ.”

ದ್ಯೂಫೋರ್ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡ.

ಟಿಕೆಟ್ ಕಿಟಕಿಯ ಗುಮಾಸ್ತ ಇವತ್ತೂ ಬಸ್ಸಿಲ್ಲ ಅಂದ. ಗಂಡ ಹೆಂಡತಿ ಇಬ್ಬರೂ ಎದ್ದರು. ಬಾಗಿಲು ದಾಟುವಾಗ ಮುದುಕ ಒಮ್ಮೆ ತಿರುಗಿ ಚಿತ್ರ ನೋಡಿದ್ದನ್ನು ರೋಸ್ಮೆನ್ ಕಂಡಳು.

“ದಡ್ಡ ಅಲ್ಲ ಅವನು,” ಅಂದ. “ದಾರಿ ಬಚ್ಚಿಟ್ಟಿದಾನೆ.”